ವಿದ್ಯುತ್ ಕಡಿತದ ನಂತರ ರಿಮೋಟ್ ಡೆಸ್ಕ್‌ಟಾಪ್ ಸೇವೆ ತಾನಾಗಿ ಪುನರಾರಂಭಗೊಳ್ಳಲು



ಒಬ್ಬರೇ ಪಂಚಾಯತಿ ಅಭಿವೃದ್ಧಿ ಅಧಿಕಾರಿಯು ಎರಡು ಗ್ರಾಮ ಪಂಚಾಯತಿಗಳ ಪ್ರಭಾರ ವಹಿಸಿಕೊಂಡಿರುವುದು ಈಗ ಅಪರೂಪವಲ್ಲ. ಅಂತಹ ಕಡೆ ಒಂದು ಕಾರ್ಯಾಲಯದಲ್ಲಿ ಕುಳಿತು ಇನ್ನೊಂದು ಕಾರ್ಯಾಲಯದ ಗಣಕಯಂತ್ರವನ್ನು ರಿಮೋಟ್ ಡೆಸ್ಕ್‌ಟಾಪ್ ಮೂಲಕ ತೆರೆದು ಕೆಲಸ ಮಾಡುವ ವ್ಯವಸ್ಥೆ ಬಹಳ ಉಪಕಾರಿ. ಆದರೆ ಭರಣಿ ಮಳೆಯ ಮೊದಲ ಗುಡುಗಿಗೆ ವಿದ್ಯುತ್ ಹೋಗಿ ಬಂದರೆ ದೀಪ, ಫ್ಯಾನು ತಾವಾಗಿ ಚಾಲನೆಗೊಳ್ಳುತ್ತವೆ. ಗಣಕಯಂತ್ರ ಮಾತ್ರ ಸುಮ್ಮನಿರುತ್ತದೆ. ಅಂದು ಡಾಟಾ ಎಂಟ್ರಿ ಆಪರೇಟರ್ ರಜೆಯಲ್ಲಿದ್ದರೆ, ಇ-ಸ್ವತ್ತಿನ ಕಡತಕ್ಕಾಗಿ ಕೂಲಿ ಬಿಟ್ಟು ಬಂದವರು ಬರಿಗೈಯಲ್ಲಿ ಹಿಂತಿರುಗುತ್ತಾರೆ. ಇದನ್ನು ತಪ್ಪಿಸಲು ಹೊಸ ಯಂತ್ರದ ಖರೀದಿ ಬೇಕಿಲ್ಲ, ಇರುವ ಯಂತ್ರದ ಕೆಲವು ಹೊಂದಾಣಿಕೆಗಳನ್ನು ಬದಲಿಸಿದರೆ ಸಾಕು.

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಎಂದು ತಿಳಿಯುವುದರಿಂದ ಗೊಂದಲ ಹುಟ್ಟುತ್ತದೆ. ಯಂತ್ರ ನಡೆಯುತ್ತಿರುವಾಗ ಸೇವೆಯೊಂದೇ ಕುಸಿಯುವುದು ಒಂದು. ಯಂತ್ರವೇ ಹಠಾತ್ತನೆ ನಿಂತುಹೋಗುವುದು ಇನ್ನೊಂದು. ವಿಂಡೋಸ್‌ನ ‘ಸರ್ವಿಸಸ್’ ಪಟ್ಟಿಯಲ್ಲಿ ‘ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್’ ತೆರೆದರೆ ‘ರಿಕವರಿ’ ಎಂಬ ಪುಟವಿದೆ. ಸೇವೆ ಮೊದಲ ಸಲ, ಎರಡನೆಯ ಸಲ, ಆನಂತರವೂ ವಿಫಲವಾದರೆ ಏನು ಮಾಡಬೇಕೆಂದು ಅಲ್ಲಿ ಸೂಚಿಸಬಹುದು. ಮೂರರಲ್ಲಿಯೂ ‘ರೀಸ್ಟಾರ್ಟ್ ದ ಸರ್ವಿಸ್’ ಆಯ್ಕೆ ಮಾಡುವುದು ಒಳ್ಳೆಯದೇ. ಆದರೆ ಇದು ಮೊದಲನೆಯ ಬಗೆಯ ತೊಂದರೆಗೆ ಮಾತ್ರ ಔಷಧ. ವಿದ್ಯುತ್ ಹೋದಾಗ ಈ ಸೂಚನೆಯನ್ನು ಪಾಲಿಸಲು ಯಂತ್ರವೇ ಎಚ್ಚರವಿರುವುದಿಲ್ಲ. ಆದ್ದರಿಂದ ಅದೇ ಸೇವೆಯ ‘ಸ್ಟಾರ್ಟಪ್ ಟೈಪ್’ ಅನ್ನು ‘ಆಟೊಮ್ಯಾಟಿಕ್’ ಎಂದೂ ಇರಿಸಬೇಕು. ಆಗ ಯಂತ್ರ ಎದ್ದೊಡನೆ, ಯಾರೂ ಲಾಗಿನ್ ಆಗದಿದ್ದರೂ, ಸೇವೆ ಆರಂಭವಾಗುತ್ತದೆ. ವಿಂಡೋಸ್‌ನ ‘ಹೋಮ್’ ಆವೃತ್ತಿಗೆ ಹೀಗೆ ಹೊರಗಿನಿಂದ ರಿಮೋಟ್ ಡೆಸ್ಕ್‌ಟಾಪ್ ಸಂಪರ್ಕ ಸ್ವೀಕರಿಸುವ ಸೌಲಭ್ಯವಿಲ್ಲ. ‘ಪ್ರೊ’ ಆವೃತ್ತಿ ಬೇಕು. ಬೇರೆ ಕಂಪನಿಯ ದೂರಸಂಪರ್ಕ ತಂತ್ರಾಂಶ ಬಳಸುವವರು ಅದು ಸೇವೆಯಾಗಿ ಅಳವಡಿಕೆಯಾಗಿದೆಯೇ ಎಂದು ನೋಡಿಕೊಳ್ಳಬೇಕು. ಅಳವಡಿಸದೆ, ಬೇಕೆಂದಾಗ ಒತ್ತಿ ತೆರೆಯುವ ಪ್ರತಿಯು ಯಂತ್ರ ಮರಳಿ ಚಾಲನೆಗೊಂಡಾಗ ತಾನಾಗಿ ಏಳುವುದಿಲ್ಲ.

ಇಷ್ಟಾದರೂ ಯಂತ್ರವನ್ನು ಎಬ್ಬಿಸುವುದು ವಿಂಡೋಸ್‌ನ ಕೆಲಸವಲ್ಲ, ಅದಕ್ಕಿಂತ ಮೊದಲು ನಡೆಯುವ ಬಯೋಸ್‌ನ ಕೆಲಸ. ಬಯೋಸ್ ಪರದೆಯಲ್ಲಿ ‘ಎಸಿ ಪವರ್ ಲಾಸ್’ ಅಥವಾ ಅದನ್ನು ಹೋಲುವ ಹೆಸರಿನ ಆಯ್ಕೆ ಇರುತ್ತದೆ. ವಿದ್ಯುತ್ ಮರಳಿದಾಗ ಯಂತ್ರ ಆರಿದಂತೆಯೇ ಇರಬೇಕೆ, ಚಾಲನೆಗೊಳ್ಳಬೇಕೆ, ಅಥವಾ ವಿದ್ಯುತ್ ಹೋಗುವ ಮುನ್ನ ಇದ್ದ ಸ್ಥಿತಿಗೆ ಬರಬೇಕೆ ಎಂಬುದನ್ನು ಅಲ್ಲಿ ನಿರ್ಧರಿಸಬಹುದು. ಸಂಜೆ ಯಂತ್ರವನ್ನು ಕ್ರಮವಾಗಿ ಮುಚ್ಚಿ ಹೋಗುವ ಕಾರ್ಯಾಲಯಕ್ಕೆ ಮೂರನೆಯದು ಹೊಂದುತ್ತದೆ. ರಾತ್ರಿ ವಿದ್ಯುತ್ ಹೋಗಿ ಬಂದರೂ ಯಂತ್ರ ವ್ಯರ್ಥವಾಗಿ ಉರಿಯುವುದಿಲ್ಲ. ಪ್ರಭಾರದ ಕಾರ್ಯಾಲಯಕ್ಕೆ ಎರಡನೆಯದೇ ಸರಿ ಎಂಬುದು ನನ್ನ ಅಭಿಪ್ರಾಯ. ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಈ ಆಯ್ಕೆ ಇರುವುದಿಲ್ಲ.

ಬಯೋಸ್ ಹೊಂದಾಣಿಕೆಯ ನೆನಪನ್ನೂ ದಿನಾಂಕವನ್ನೂ ಉಳಿಸುವುದು ಯಂತ್ರದೊಳಗಿನ ನಾಣ್ಯದಾಕಾರದ ಪುಟ್ಟ ಸೆಲ್. ಸಾಮಾನ್ಯವಾಗಿ ಅದು 2032 ಸಂಖ್ಯೆಯ, 3 ವೋಲ್ಟ್‌ನ ಸೆಲ್. ಅದು ಬರಿದಾದರೆ ಮಾಡಿದ ಹೊಂದಾಣಿಕೆ ಅಳಿಸಿಹೋಗಬಹುದು, ಯಂತ್ರವು ಯಾರಾದರೂ ಗುಂಡಿ ಒತ್ತಲೆಂದು ಆರಂಭದ ಪರದೆಯಲ್ಲಿಯೇ ಕಾಯುತ್ತಾ ನಿಲ್ಲಬಹುದು. ದಿನಾಂಕ ಹಿಂದಕ್ಕೆ ಹೋದ ಯಂತ್ರದಲ್ಲಿ ಸರ್ಕಾರಿ ಜಾಲತಾಣಗಳೂ ಭದ್ರತೆಯ ದೋಷ ತೋರಿಸಿ ತೆರೆಯಲು ನಿರಾಕರಿಸುತ್ತವೆ. ಪ್ರತಿದಿನ ಬೆಳಿಗ್ಗೆ ಗಡಿಯಾರ ಸರಿಪಡಿಸಬೇಕಾಗಿ ಬರುತ್ತಿದೆ ಎಂದು ಸಿಬ್ಬಂದಿ ಹೇಳಿದರೆ ಮೊದಲು ಈ ಸೆಲ್ ಬದಲಿಸಿ. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ.

ಯಂತ್ರ ಎದ್ದರೂ ಅಂತರಜಾಲದ ರೌಟರ್ ಏಳದಿದ್ದರೆ ದೂರದವರಿಗೆ ಪ್ರಯೋಜನವಿಲ್ಲ. ರೌಟರನ್ನೂ ಯುಪಿಎಸ್‌ಗೆ ಜೋಡಿಸಬೇಕು. ‘ಸ್ಲೀಪ್’ ಸ್ಥಿತಿಗೆ ಹೋಗದಂತೆಯೂ ಯಂತ್ರವನ್ನು ಹೊಂದಿಸಿರಬೇಕು, ನಿದ್ರಿಸುವ ಯಂತ್ರ ಹೊರಗಿನ ಕರೆಗೆ ಓಗೊಡುವುದಿಲ್ಲ.

ಸದಾ ತೆರೆದಿರುವ ಬಾಗಿಲಿಗೆ ಕಾವಲೂ ಬೇಕು. ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389ನೆಯ ಪೋರ್ಟನ್ನು ರೌಟರ್‌ನಲ್ಲಿ ನೇರವಾಗಿ ಅಂತರಜಾಲಕ್ಕೆ ತೆರೆದಿಡುವುದನ್ನು ಯಾವ ಕಾರಣಕ್ಕೂ ಒಪ್ಪಬೇಡಿ. 2019ರ ಮೇ ತಿಂಗಳಲ್ಲಿ ಈ ಸೇವೆಯ ಹಳೆಯ ಆವೃತ್ತಿಗಳಲ್ಲಿ ‘ಬ್ಲೂಕೀಪ್’ ಎಂಬ ಗಂಭೀರ ದೋಷ ಬೆಳಕಿಗೆ ಬಂದಾಗ, ಬೆಂಬಲ ನಿಲ್ಲಿಸಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಸಂಸ್ಥೆ ತಿದ್ದುಪಡಿ ನೀಡಬೇಕಾಯಿತು. ಸಂಪರ್ಕವು ವಿಪಿಎನ್ ಮೂಲಕವೇ ಆಗಲಿ. ಅಧ್ಯಕ್ಷರ ಹಾಗೂ ಅಭಿವೃದ್ಧಿ ಅಧಿಕಾರಿಯ ಡಿಜಿಟಲ್ ಸಹಿಯ ಡಾಂಗಲ್‌ಗಳನ್ನು ಯಂತ್ರಕ್ಕೆ ಚುಚ್ಚಿಯೇ ಬಿಟ್ಟುಹೋಗುವ ಪದ್ಧತಿ ಎಲ್ಲಿಯಾದರೂ ಇದ್ದರೆ, ಅದನ್ನು ನಿಲ್ಲಿಸಿದ ಬಳಿಕವೇ ಈ ವ್ಯವಸ್ಥೆಗೆ ಕೈಹಾಕಬೇಕು.

ಕೊನೆಗೆ ಪರೀಕ್ಷೆ. ಎಲ್ಲ ಕಡತಗಳನ್ನು ಉಳಿಸಿ, ಯಂತ್ರವನ್ನು ಕ್ರಮವಾಗಿ ಮುಚ್ಚಿ, ಗೋಡೆಯ ಸ್ವಿಚ್ ಹಾಗೂ ಯುಪಿಎಸ್ ಎರಡನ್ನೂ ಆರಿಸಿ. ಒಂದು ನಿಮಿಷದ ಬಳಿಕ ಹಾಕಿ. ‘ಚಾಲನೆಗೊಳ್ಳಬೇಕು’ ಎಂಬ ಆಯ್ಕೆ ಇದ್ದರೆ ಯಾರೂ ಗುಂಡಿ ಮುಟ್ಟದೆಯೇ ಯಂತ್ರ ಏಳಬೇಕು, ಇನ್ನೊಂದು ಕಾರ್ಯಾಲಯದಿಂದ ಸಂಪರ್ಕ ಸಿಗಬೇಕು. ಮುಂಗಾರಿಗೆ ಮೊದಲೊಮ್ಮೆ ಹೀಗೆ ಪರೀಕ್ಷಿಸಿ, ದಿನಾಂಕದೊಡನೆ ದಾಖಲಿಸುವಂತೆ ಸಾಮಾನ್ಯ ಸಭೆಯಲ್ಲಿ ತಾವು ಕೇಳಬಹುದು.