ಬಿಸಿನೀರಿಗೆ ಬಕೆಟ್ ಲೆಕ್ಕ

ಒಂದು ಬಕೆಟ್ ಬಿಸಿನೀರಿಗೆ ಅರ್ಧ ಯೂನಿಟ್ ಕರೆಂಟು. ಗೀಸರ್ ಇರುವ ಪ್ರತಿ ಮನೆಯವರೂ ಈ ಒಂದು ಲೆಕ್ಕವನ್ನು ಬಾಯಿಪಾಠ ಮಾಡಿಕೊಳ್ಳಲಿ ಎನ್ನುವುದು ನನ್ನ ಆಸೆ. ಒಂದು ಲೀಟರ್ ನೀರು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯೇರಲು ಸುಮಾರು 4.2 ಕಿಲೋಜೌಲ್ ಶಾಖ ಬೇಕು. 3,600 ಕಿಲೋಜೌಲ್ ಸೇರಿದರೆ ಒಂದು ಯೂನಿಟ್. ಚಳಿಗಾಲದ ಬೆಳಗ್ಗೆ ನಮ್ಮ ಚಿತ್ರದುರ್ಗದಲ್ಲಿ ತಾರಸಿ ಟ್ಯಾಂಕಿನ ನೀರು 20 ಡಿಗ್ರಿಯ ಆಸುಪಾಸು ಇರುತ್ತದೆ. ಸ್ನಾನಕ್ಕೆ ಹಿತವಾಗುವುದು 40. ಇಪ್ಪತ್ತು ಲೀಟರಿನ ಬಕೆಟ್ಟನ್ನು ಅಷ್ಟು ಕಾಯಿಸಲು 0.47 ಯೂನಿಟ್ ಬೇಕು, ಗೀಸರಿನ ಮೈಯಿಂದ ಹೋಗುವ ಶಾಖವನ್ನೂ ಸೇರಿಸಿದರೆ ಅರ್ಧ ಯೂನಿಟ್. ಗೀಸರ್ ಯಾವ ಕಂಪನಿಯದಾದರೂ ಈ ಲೆಕ್ಕ ಹೆಚ್ಚು ಬದಲಾಗದು. ಕಾಯಿಲ್ ತಾನು ಎಳೆದ ಕರೆಂಟನ್ನೆಲ್ಲ ಶಾಖವಾಗಿಯೇ ಕೊಡುತ್ತದೆ, ಅದರಲ್ಲಿ ಉಳಿಸಲು ಏನೂ ಇಲ್ಲ.

ಈ ಲೆಕ್ಕ ಕೈಯಲ್ಲಿದ್ದರೆ ಸೋಲಾರ್ ವಾಟರ್ ಹೀಟರ್ ಮಾರುವವರ ಮಾತು, ನೆರೆಮನೆಯವರ ಶಿಫಾರಸು, ಜಾಹೀರಾತಿನ ಉಳಿತಾಯ ಎಲ್ಲವನ್ನೂ ನೀವೇ ತೂಗಿ ನೋಡಬಹುದು. ನಮ್ಮ ಮನೆಯಲ್ಲಿ ನಾವು ಐದು ಜನ. ಅತ್ತೆಯವರಿಗೆ ಮಂಡಿ ನೋವು, ಅವರಿಗೆ ಎರಡು ಬಕೆಟ್ ಬೇಕೇ ಬೇಕು. ಮಕ್ಕಳಿಬ್ಬರು, ನಾವಿಬ್ಬರು, ಚಳಿ ಇದ್ದಾಗ ಪಾತ್ರೆ ತೊಳೆಯಲು ಸ್ವಲ್ಪ. ಎಲ್ಲ ಸೇರಿ ದಿನಕ್ಕೆ ಏಳು ಬಕೆಟ್. ಅಂದರೆ ಮೂರೂವರೆ ಯೂನಿಟ್, ತಿಂಗಳಿಗೆ ನೂರಕ್ಕೂ ಮೇಲೆ. ಫ್ರಿಜ್ಜು, ಟಿವಿ, ಮಿಕ್ಸಿ, ಫ್ಯಾನು, ದೀಪ, ಮೋಟರು ಎಲ್ಲ ಒಟ್ಟಾಗಿ ತಿನ್ನುವಷ್ಟನ್ನು ಬಚ್ಚಲುಮನೆ ಒಂದೇ ತಿನ್ನುತ್ತಿತ್ತು. ಬೇಸಿಗೆಯಲ್ಲಿ ಇದು ಅರ್ಧಕ್ಕೂ ಕೆಳಗೆ ಇಳಿಯುತ್ತದೆ, ಏಪ್ರಿಲ್‌ನಲ್ಲಿ ನಮ್ಮೂರ ನಲ್ಲಿಯ ನೀರೇ ಸಾಕಷ್ಟು ಬೆಚ್ಚಗಿರುತ್ತದೆ.

ಇನ್ನು ಹಣದ ಮಾತು. ಕರ್ನಾಟಕದಲ್ಲಿ 2023ರಿಂದ ಗೃಹಜ್ಯೋತಿ ಇರುವುದರಿಂದ ಸೋಲಾರಿನ ಲಾಭನಷ್ಟ ಮನೆಯಿಂದ ಮನೆಗೆ ಬೇರೆ. ಯೋಜನೆಯ ನಿಯಮ ನಿಮಗೆ ಗೊತ್ತೇ ಇದೆ: 2022-23ರ ನಿಮ್ಮ ತಿಂಗಳ ಸರಾಸರಿ ಬಳಕೆ, ಅದರ ಮೇಲೆ ಶೇ 10, ಅಷ್ಟರವರೆಗೆ ಬಿಲ್ಲು ಸೊನ್ನೆ. ಅದನ್ನು ದಾಟಿ 200 ಯೂನಿಟ್ ಒಳಗಿದ್ದರೆ ಹೆಚ್ಚಿನ ಯೂನಿಟ್‌ಗಳಿಗೆ ಮಾತ್ರ ದುಡ್ಡು. 200 ದಾಟಿದಿರೋ, ಮೊದಲ ಯೂನಿಟ್‌ನಿಂದ ಹಿಡಿದು ಪೂರ್ತಿ ಬಿಲ್ಲು ಕಟ್ಟಬೇಕು.

ನಮ್ಮ ಸರಾಸರಿ 180. ಶೇ 10 ಸೇರಿಸಿದರೆ 198. ವರ್ಷದ ಹೆಚ್ಚಿನ ತಿಂಗಳು ಬಿಲ್ಲು ಸೊನ್ನೆಯೇ ಬರುತ್ತಿತ್ತು. ನವೆಂಬರ್ ಬಂತೆಂದರೆ ಮೀಟರು 215, 220 ತೋರಿಸುತ್ತಿತ್ತು. ಯೂನಿಟ್ ದರ, ಮಂಜೂರಾದ ಲೋಡಿನ ಮೇಲಿನ ನಿಗದಿತ ಶುಲ್ಕ, ತೆರಿಗೆ ಎಲ್ಲ ಸೇರಿ 1,600 ರೂಪಾಯಿಗೂ ಮೇಲಿನ ಬಿಲ್ಲು. ಇಪ್ಪತ್ತು ಯೂನಿಟ್ ಹೆಚ್ಚಾಗಿದ್ದಕ್ಕೆ ಇಷ್ಟು! ಇಪ್ಪತ್ತು ಯೂನಿಟ್ ಎಂದರೆ ನಲವತ್ತು ಬಕೆಟ್. ಚಳಿಗಾಲದ ನಾಲ್ಕು ತಿಂಗಳಿಗೆ ಆರೂವರೆ ಸಾವಿರದ ಹತ್ತಿರ ಹೋಗುತ್ತಿದ್ದದ್ದು ಬಚ್ಚಲಿನ ದಾರಿಯಲ್ಲಿ. ಸೋಲಾರ್ ಹಾಕಿಸಿದ ಮೇಲೆ ಚಳಿಗಾಲದಲ್ಲೂ ನಮ್ಮ ಬಳಕೆ 130 ದಾಟುವುದಿಲ್ಲ. ಸ್ಟ್ಯಾಂಡು, ಪೈಪು, ಕೂಲಿ ಎಲ್ಲ ಸೇರಿ ನಮಗೆ ತಗುಲಿದ್ದು ಸುಮಾರು 38 ಸಾವಿರ. ಆರು ವರ್ಷದೊಳಗೆ ಅಸಲು ಕೈಗೆ ಬರುತ್ತದೆ, ಚೆನ್ನಾಗಿ ನೋಡಿಕೊಂಡರೆ ಇಂಥ ವ್ಯವಸ್ಥೆ ಹದಿನೈದು ವರ್ಷ ಬಾಳುತ್ತದೆ.

ನಿಮ್ಮ ಮನೆಯಲ್ಲಿ ಇಬ್ಬರೇ ಇದ್ದು, ಗೀಸರ್ ಬಳಸಿಯೂ ಬಿಲ್ಲು ವರ್ಷವಿಡೀ ಸೊನ್ನೆ ಬರುತ್ತಿದೆಯೇ? ಹಾಗಿದ್ದರೆ ಹಣದ ದೃಷ್ಟಿಯಿಂದ ಈಗ ಸೋಲಾರ್ ಹಾಕಿಸುವ ಅಗತ್ಯ ಇಲ್ಲ. ಗೀಸರಿನ ಥರ್ಮೋಸ್ಟಾಟನ್ನು 50 ಡಿಗ್ರಿಗೆ ಇಳಿಸಿ, ಸ್ನಾನಕ್ಕೆ ಕಾಲು ಗಂಟೆ ಮುಂಚೆ ಸ್ವಿಚ್ ಹಾಕಿ, ಸ್ನಾನವಾದೊಡನೆ ಆರಿಸಿ. ಅಷ್ಟು ಸಾಕು. ಬಾಡಿಗೆ ಮನೆಯಲ್ಲಿರುವವರಿಗೂ ನಾನು ಇದನ್ನೇ ಹೇಳುತ್ತೇನೆ. ಅದೇ ಎಂಟು ಹತ್ತು ಜನರ ಕೂಡು ಕುಟುಂಬವಾದರೆ, ಗೃಹಜ್ಯೋತಿ ಅನ್ವಯಿಸದೆ ಪ್ರತಿ ಯೂನಿಟ್‌ಗೂ ದುಡ್ಡು ಕೊಡುತ್ತಿದ್ದರೆ, ತಡ ಮಾಡಬೇಡಿ. ಅಲ್ಲಿ ದಿನಕ್ಕೆ ಹದಿನೈದು ಬಕೆಟ್ ಖರ್ಚಾಗುತ್ತದೆ, ಮೂರು ನಾಲ್ಕು ವರ್ಷದಲ್ಲಿ ಹಾಕಿದ ದುಡ್ಡು ಹುಟ್ಟುತ್ತದೆ.

ಬಿಸಿಲಿನ ವಿಷಯದಲ್ಲಿ ನಮ್ಮ ಬಯಲುಸೀಮೆಗೆ ಕೊರತೆ ಎಂಬುದಿಲ್ಲ. ವರ್ಷದ ಸರಾಸರಿ ತೆಗೆದರೆ ಒಂದು ಚದರ ಮೀಟರ್ ಜಾಗದ ಮೇಲೆ ದಿನಕ್ಕೆ 5 ಯೂನಿಟ್‌ಗಿಂತ ಹೆಚ್ಚು ಶಕ್ತಿ ಬೀಳುತ್ತದೆ. ಪಕ್ಕದ ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕು ಬಂದಿರುವುದು ಸುಮ್ಮನೆ ಅಲ್ಲ. ಬಿಸಿಲಿನಿಂದ ಕರೆಂಟು ಮಾಡುವ ಫಲಕಗಳು ತಮ್ಮ ಮೇಲೆ ಬಿದ್ದ ಶಕ್ತಿಯಲ್ಲಿ ಐದರಲ್ಲೊಂದು ಭಾಗವನ್ನಷ್ಟೇ ಕರೆಂಟಾಗಿ ಕೊಡುತ್ತವೆ. ನೀರು ಕಾಯಿಸುವ ಸೋಲಾರ್ ಅರ್ಧದಷ್ಟನ್ನು ನೀರಿಗೆ ಇಳಿಸುತ್ತದೆ. ಅದಕ್ಕೇ, 'ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವ್ಯಾಟ್‌ಗೆ 78 ಸಾವಿರ ಸಬ್ಸಿಡಿ ಸಿಗುತ್ತದಲ್ಲ, ಅದನ್ನೇ ಹಾಕಿಸಿ ಗೀಸರ್ ಓಡಿಸಬಾರದೇ' ಎಂದು ಕೇಳುವವರಿಗೆ ನನ್ನ ಉತ್ತರ: ಮನೆಯಲ್ಲಿ ಏಸಿ, ಇಂಡಕ್ಷನ್ ಒಲೆ, ಎಲೆಕ್ಟ್ರಿಕ್ ಸ್ಕೂಟರ್ ಎಲ್ಲ ಇದ್ದು ತಿಂಗಳಿಗೆ 300 ಯೂನಿಟ್ ಬಳಸುವವರಾದರೆ ಸರಿ. ಬರೀ ಬಿಸಿನೀರಿಗಾಗಿ ಆದರೆ ಅಷ್ಟು ಬಂಡವಾಳ ಬೇಡ.

ಅಂಗಡಿಗೆ ಹೋದರೆ ಎರಡು ಬಗೆ ತೋರಿಸುತ್ತಾರೆ. ತಾಮ್ರದ ಪೈಪಿನ ಮೇಲೆ ಕಪ್ಪು ತಗಡು, ಅದರ ಮೇಲೆ ಗಾಜು ಹೊದಿಸಿದ ಚಪ್ಪಟೆ ಪೆಟ್ಟಿಗೆ ಒಂದು, ಉದ್ದುದ್ದ ಗಾಜಿನ ಟ್ಯೂಬುಗಳದ್ದು ಇನ್ನೊಂದು. ಪೆಟ್ಟಿಗೆಯದು ಗಟ್ಟಿ, ಬೆಲೆ ಹೆಚ್ಚು. ಆದರೆ ಯಾವುದು ಕೊಳ್ಳಬೇಕು ಎನ್ನುವುದನ್ನು ನಿಮ್ಮ ನೀರು ತೀರ್ಮಾನಿಸುತ್ತದೆ. ಚಳ್ಳಕೆರೆ ರಸ್ತೆಯಲ್ಲಿರುವ ನಮ್ಮಣ್ಣನ ಮನೆಯಲ್ಲಿ ಪೆಟ್ಟಿಗೆಯ ಸೋಲಾರ್ ಇತ್ತು, ನೀರು ಬೋರ್‌ವೆಲ್ಲಿನದು. ಬರುಬರುತ್ತಾ ಬಿಸಿಲಿದ್ದರೂ ನೀರು ಕಾಯುವುದು ನಿಂತಿತು. ಪ್ಲಂಬರ್ ಒಂದು ತಾಮ್ರದ ಪೈಪು ಕೊಯ್ದು ಅಂಗೈ ಮೇಲೆ ಇಟ್ಟು ತೋರಿಸಿದ. ಒಳಗೆಲ್ಲ ಬೂದು ಬಿಳುಪಿನ ಉಪ್ಪು ಪದರ ಪದರವಾಗಿ ಕಟ್ಟಿ, ನಡುವೆ ಪೆನ್ಸಿಲ್ ಕೂಡ ತೂರದಷ್ಟು ಕಿಂಡಿ ಉಳಿದಿತ್ತು. ಉಗುರಿನಲ್ಲಿ ಕೆರೆದರೆ ಚಕ್ಕೆ ಏಳುತ್ತಿತ್ತು. "ಅಕ್ಕಾ, ಈ ನೀರಿಗೆ ಟ್ಯೂಬಿಂದೇ ವಾಸಿ" ಎಂದ. ಅವನ ಮಾತು ಸರಿ. ಟ್ಯೂಬಿನ ಒಳವ್ಯಾಸ ದೊಡ್ಡದು, ಉಪ್ಪು ಕಟ್ಟಿದರೂ ತಳಕ್ಕೆ ಕೂರುತ್ತದೆ, ಬಿಚ್ಚಿ ತೊಳೆಯಬಹುದು. ನದಿಯ ನೀರು ಬರುವ ಊರಿನವರಿಗೆ ಪೆಟ್ಟಿಗೆಯದು ಒಳ್ಳೆಯದು, ಬೋರ್ ನೀರಿನವರಿಗೆ ಟ್ಯೂಬು. ಯಾವುದೇ ಆದರೂ ಟ್ಯಾಂಕಿನೊಳಗೆ ಮೆಗ್ನೀಸಿಯಂ ಆನೋಡ್ ಕಡ್ಡಿ ಇದೆಯೇ ಕೇಳಿ. ತಾನು ಸವೆದು ಟ್ಯಾಂಕನ್ನು ತುಕ್ಕಿನಿಂದ ಕಾಯುವುದು ಅದರ ಕೆಲಸ. ಗಡಸು ನೀರಿನಲ್ಲಿ ಬೇಗ ಸವೆಯುತ್ತದೆ, ಒಂದೆರಡು ವರ್ಷಕ್ಕೊಮ್ಮೆ ತೆಗೆದು ನೋಡಬೇಕು. ಕೆಲವೇ ನೂರು ರೂಪಾಯಿಯ ಈ ಕಡ್ಡಿ ಬದಲಿಸದೆ ಎಷ್ಟೋ ಮನೆಗಳಲ್ಲಿ ಸಾವಿರಾರು ರೂಪಾಯಿಯ ಟ್ಯಾಂಕು ತೂತು ಬಿದ್ದಿದೆ.

ಟ್ಯೂಬು ಎಣಿಸಿಯೇ ದುಡ್ಡು ಕೊಡಿ. 58 ಮಿಲಿಮೀಟರ್ ದಪ್ಪ, 1,800 ಮಿಲಿಮೀಟರ್ ಉದ್ದದ ಟ್ಯೂಬಾದರೆ 100 ಲೀಟರಿಗೆ ಸುಮಾರು ಹತ್ತು, 200 ಲೀಟರಿಗೆ ಇಪ್ಪತ್ತು ಬೇಕು. ನನಗೆ ಬಂದ ಕೊಟೇಶನ್‌ಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದರಲ್ಲಿ 200 ಲೀಟರಿಗೆ ಹದಿನೈದೇ ಟ್ಯೂಬು ಇತ್ತು. ಕೇಳಿದರೆ, "ನಮ್ಮೂರ ಬಿಸಿಲಿಗೆ ಹದಿನೈದು ಧಾರಾಳ ಮೇಡಂ" ಎಂದರು. ಏಪ್ರಿಲ್ ಬಿಸಿಲಿಗೆ ಧಾರಾಳ, ಒಪ್ಪೋಣ. ಆದರೆ ಬಿಸಿನೀರು ಬೇಕಾಗಿರುವುದು ಡಿಸೆಂಬರಿನಲ್ಲಿ ಮತ್ತು ಮೋಡ ಕವಿಯುವ ಜುಲೈನಲ್ಲಿ.

ಹಾಕಿಸಿದ ಮೇಲೆ ದುಡ್ಡು ಸೋರುವ ಜಾಗ ಎರಡು. ಮೊದಲನೆಯದು ಟ್ಯಾಂಕಿನೊಳಗೆ ಬ್ಯಾಕಪ್ ಎಂದು ಕೊಡುವ 2 ಕಿಲೋವ್ಯಾಟ್‌ನ ಕಾಯಿಲ್. ಮೋಡದ ದಿನಕ್ಕೆಂದು ಅದನ್ನು ಹಾಕಿ ಮರೆತರೆ, ನಿಮಗೆ ಬೇಕಾದ ಮೂರು ಬಕೆಟ್ಟಿಗಾಗಿ 200 ಲೀಟರ್ ಪೂರ್ತಿ ಕಾಯುತ್ತದೆ. 25 ಡಿಗ್ರಿ ಏರಿಸಲು ಆರು ಯೂನಿಟ್ ಹತ್ತಿರ, ಅದೂ ಪ್ರತಿ ದಿನ. ಗೀಸರ್ ಇದ್ದಾಗಿನದಕ್ಕಿಂತ ಸೋಲಾರ್ ಬಂದ ಮೇಲೆ ಬಿಲ್ಲು ಹೆಚ್ಚಾಯಿತು ಎನ್ನುವವರ ಮನೆಯ ಕಥೆ ವಿಚಾರಿಸಿದರೆ ಬಹಳ ಸಲ ಇದೇ ಕಾರಣ. ನಾವು ಆ ಕಾಯಿಲ್‌ಗೆ ವೈರನ್ನೇ ಎಳೆಸಲಿಲ್ಲ. ಹಳೆಯ ಗೀಸರನ್ನು ಬಚ್ಚಲಲ್ಲೇ ಉಳಿಸಿಕೊಂಡು, ಸೋಲಾರಿನ ನೀರು ಅದರ ಮೂಲಕ ಬರುವಂತೆ ಜೋಡಿಸಿದೆವು. ಬಿಸಿಲಿದ್ದ ದಿನ ಅದರ ಸ್ವಿಚ್ ಮುಟ್ಟುವುದಿಲ್ಲ. ನವೆಂಬರಿನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ವಾರಗಟ್ಟಲೆ ಮೋಡ ಕವಿದಾಗ ಬೇಕಾದಷ್ಟನ್ನೇ ಕಾಯಿಸಿಕೊಳ್ಳುತ್ತೇವೆ. ನಿಮ್ಮ ಗೀಸರ್ ಬಿಸಿನೀರು ಒಳಬಿಡಲು ತಕ್ಕದ್ದೇ ಎಂಬುದನ್ನು ಮಾತ್ರ ಕಂಪನಿಯವರನ್ನು ಕೇಳಿಕೊಳ್ಳಿ.

ಎರಡನೆಯದು ಪೈಪು. ತಾರಸಿಯಿಂದ ನೆಲಮಹಡಿಯ ಬಚ್ಚಲಿಗೆ ಮುಕ್ಕಾಲು ಇಂಚಿನ ಪೈಪು ಇಪ್ಪತ್ತು ಮೀಟರ್ ಬಂದಿದ್ದರೆ ಅದರ ಹೊಟ್ಟೆಯಲ್ಲೇ ಐದು ಲೀಟರ್ ನೀರು ನಿಂತಿರುತ್ತದೆ. ಬೆಳಗ್ಗೆ ನಲ್ಲಿ ತಿರುಗಿಸಿದರೆ ಮೊದಲು ಅಷ್ಟು ತಣ್ಣೀರು ಬರಬೇಕು. ನಲ್ಲಿ ನಿಲ್ಲಿಸಿದ ಮೇಲೆ ಅಷ್ಟೇ ಬಿಸಿನೀರು ಪೈಪಿನಲ್ಲಿ ಉಳಿದು ಆರಿಹೋಗುತ್ತದೆ. ಒಬ್ಬರು ಆರಕ್ಕೆ, ಒಬ್ಬರು ಏಳೂವರೆಗೆ, ಒಬ್ಬರು ಒಂಬತ್ತಕ್ಕೆ ಸ್ನಾನ ಮಾಡುವ ಮನೆಯಲ್ಲಿ ಪ್ರತಿ ಸಲವೂ ಈ ನಷ್ಟ. ಬರದ ಜಿಲ್ಲೆಯವರಾದ ನಮಗೆ ಆ ನೀರು ಚರಂಡಿಗೆ ಹೋಗುವುದನ್ನು ನೋಡಲು ಸಂಕಟ. ಮೊದಲ ನೀರನ್ನು ಬೇರೆ ಬಕೆಟ್ಟಿನಲ್ಲಿ ಹಿಡಿದು ಬಟ್ಟೆಗೆ, ಗಿಡಕ್ಕೆ ಬಳಸುತ್ತೇವೆ, ಸ್ನಾನಗಳನ್ನು ಒಂದರ ಹಿಂದೊಂದು ಮುಗಿಸುತ್ತೇವೆ. ತಾರಸಿಯ ಮೇಲಿನ ಪೈಪಿಗೆ ಕಪ್ಪು ಫೋಮ್ ಹೊದಿಕೆ ಹಾಕಿಸಿ, ಬಿಸಿಲಿಗೆ ಅದು ಪುಡಿಯಾಗದಂತೆ ಮೇಲೆ ಅಲ್ಯೂಮಿನಿಯಂ ಟೇಪು ಸುತ್ತಿಸಿದ್ದೇವೆ.

ಒಂದೆರಡು ಎಚ್ಚರಿಕೆಗಳು. ಮನೆಯಲ್ಲಿ ಪ್ರೆಶರ್ ಪಂಪು ಇದ್ದರೆ ಮಾಮೂಲಿ ಸೋಲಾರ್ ಟ್ಯಾಂಕಿಗೆ ಅದನ್ನು ಜೋಡಿಸಬಾರದು, ಒತ್ತಡಕ್ಕೆ ಟ್ಯಾಂಕು ಒಡೆಯುತ್ತದೆ. ತಣ್ಣೀರಿನ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ನೆತ್ತಿಗಿಂತ ಮೇಲಿರಬೇಕು. ನೀರು ಖಾಲಿಯಾಗಿ ಟ್ಯೂಬುಗಳು ಬಿಸಿಲಲ್ಲಿ ಕಾದಿದ್ದರೆ ಮಧ್ಯಾಹ್ನ ಮೋಟರು ಹಾಕಿ ತಣ್ಣೀರು ತುಂಬಬೇಡಿ, ಗಾಜು ಸೀಳುತ್ತದೆ. ಸಂಜೆ ಹೊತ್ತು ಇಳಿದ ಮೇಲೆ ತುಂಬಿ. ಕೋಟೆಯ ಬದಿಯ ಬಡಾವಣೆಗಳಲ್ಲಿ ಕೋತಿಗಳ ಕಾಟ ಇದೆ, ಸೋಲಾರ್ ಟ್ಯಾಂಕಿನ ಗಾಳಿ ಪೈಪಿಗೆ ಜೋತು ಬೀಳುತ್ತವೆ. ಅಲ್ಲಿಯವರು ಟ್ಯೂಬುಗಳ ಮೇಲೆ ಅಗಲ ಕಣ್ಣಿನ ಜಾಲರಿ ಹಾಕಿಸಿಕೊಳ್ಳುವುದು ಒಳ್ಳೆಯದು.

ತಾರಸಿಯ ಹಕ್ಕು ಇಲ್ಲದ ಅಪಾರ್ಟ್‌ಮೆಂಟಿನವರಿಗೆ ಹೀಟ್ ಪಂಪು ಇದೆ. ಹೊರಗಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ಕೊಡುವುದರಿಂದ ಗೀಸರಿನ ಮೂರನೇ ಒಂದು ಭಾಗ ಕರೆಂಟಿನಲ್ಲಿ ಕೆಲಸ ಮುಗಿಯುತ್ತದೆ. ಬೆಲೆ ಮಾತ್ರ ಸೋಲಾರಿಗಿಂತ ಬಹಳ ಹೆಚ್ಚು. ಹೊಳಲ್ಕೆರೆ, ಹೊಸದುರ್ಗದ ತೋಟದ ಮನೆಗಳಲ್ಲಿ ತೆಂಗಿನ ಮಟ್ಟೆ, ಅಡಿಕೆ ಸಿಪ್ಪೆ ರಾಶಿ ಬಿದ್ದಿರುತ್ತದೆ, ಅಲ್ಲಿ ಹಂಡೆ ಒಲೆಯನ್ನು ಬಿಡಿ ಎನ್ನಲಾರೆ. ಹೊಗೆ ಕುಡಿಯುವ ಹೆಂಗಸರ ಎದೆಯ ಬಗ್ಗೆ ಮಾತ್ರ ಯೋಚಿಸಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ 'ಅಸ್ತ್ರ' ಕೇಂದ್ರ ನಮ್ಮ ಹಳ್ಳಿಗಳಿಗೆ ಹೊಗೆ ಕಡಿಮೆ ಮಾಡುವ ಒಲೆ ಕೊಟ್ಟಿತು. ನೀರಿನ ಒಲೆಗೂ ಹೊಗೆ ಕೊಳವೆ ಇರಲಿ.

ಸೋಲಾರ್ ವಾಟರ್ ಹೀಟರಿಗೆ ಕೇಂದ್ರದ ಸಬ್ಸಿಡಿ ನಿಂತು ಹತ್ತು ವರ್ಷದ ಮೇಲಾಯಿತು, 'ಸಬ್ಸಿಡಿ ಮಾಡಿಸಿಕೊಡುತ್ತೇವೆ' ಎಂದು ಮುಂಗಡ ಕೇಳುವವರಿಗೆ ದುಡ್ಡು ಕೊಡಬೇಡಿ.

ಈಗ ಮನೆ ಕಟ್ಟಿಸುತ್ತಿರುವವರಿಗೆ ನನ್ನದೊಂದು ಕೋರಿಕೆ. ಸೋಲಾರನ್ನು ಆಮೇಲೆ ಕೊಳ್ಳಿ, ಐದು ವರ್ಷ ಬಿಟ್ಟಾದರೂ ಕೊಳ್ಳಿ. ಬಚ್ಚಲುಮನೆಗಳನ್ನು ಮಾತ್ರ ಒಂದರ ಮೇಲೊಂದು ಬರುವಂತೆ ಇಟ್ಟು, ಅವುಗಳ ನೆತ್ತಿಯ ಮೇಲೆಯೇ ತಾರಸಿಯಲ್ಲಿ ನೆರಳು ಬೀಳದ ಜಾಗ ಬಿಡಿಸಿ. ಬಿಸಿನೀರಿನ ಪೈಪನ್ನು ಹೊದಿಕೆ ಸಮೇತ ಗೋಡೆಯೊಳಗೆ ಎಳೆಸಿ, ಬಾಯಿಗೆ ಮುಚ್ಚಳ ಹಾಕಿಡಿ. ಪ್ಲಾಸ್ಟರಿಂಗಿಗೆ ಮುಂಚೆ ಇದಕ್ಕೆ ಕೆಲವು ಸಾವಿರ ಸಾಕು. ಟೈಲ್ಸ್ ಅಂಟಿಸಿದ ಮೇಲೆ ಗೋಡೆ ಒಡೆಸಲು ಯಾರಿಗೂ ಮನಸ್ಸಾಗುವುದಿಲ್ಲ.