ಎಣ್ಣೆ ನೀರುಗಳನ್ನು ಬೆಸೆಯುವ ಪಾಲಿಮರುಗಳು

ಚರ್ಮದ ತೊಂದರೆಯಿಂದ ನಮ್ಮಲ್ಲಿಗೆ ಬರುವವರಲ್ಲಿ ಅನೇಕರು ಕೈಚೀಲದಿಂದ ಒಂದು ಬಾಟಲಿಯನ್ನೋ ಟ್ಯೂಬನ್ನೋ ತೆಗೆದು ಮೇಜಿನ ಮೇಲಿಟ್ಟು, "ಡಾಕ್ಟರೇ, ಇದರಲ್ಲಿ ಕೆಮಿಕಲ್ ಇದೆಯೇ?" ಎಂದು ಕೇಳುತ್ತಾರೆ. ಪ್ರಶ್ನೆ ಸಹಜವಾದುದೇ. ಆದರೆ ಅದಕ್ಕೆ "ಇದೆ" ಎಂಬುದೊಂದೇ ಉತ್ತರ. ನೀರೂ ರಾಸಾಯನಿಕ, ತುಪ್ಪವೂ ರಾಸಾಯನಿಕ. ವಿಚಾರಿಸಬೇಕಾದುದು ಬೇರೆ: ಆ ಟ್ಯೂಬಿನೊಳಗಿನ ಎಣ್ಣೆ, ನೀರು, ಪುಡಿಗಳನ್ನು ಒಂದಾಗಿ ಹಿಡಿದಿಟ್ಟಿರುವ ವಸ್ತು ಯಾವುದು? ಅದು ಚರ್ಮದೊಳಗೆ ಇಳಿಯುವಂಥದೋ, ಮೇಲೆಯೇ ನಿಲ್ಲುವಂಥದೋ?

ಎಣ್ಣೆ ಮತ್ತು ನೀರು ತಾವಾಗಿ ಕೂಡುವುದಿಲ್ಲ. ನಡುವೆ ನಿಂತು ಎರಡನ್ನೂ ಹಿಡಿಯುವ ಅಣುವೊಂದು ಬೇಕು. ಅದರ ಒಂದು ತುದಿ ನೀರನ್ನು ಬಯಸುತ್ತದೆ, ಇನ್ನೊಂದು ಜಿಡ್ಡನ್ನು ಬಯಸುತ್ತದೆ. ಇಂಥ ವಸ್ತುವಿಗೆ ಸರ್ಫ್ಯಾಕ್ಟೆಂಟ್ ಎಂದು ಹೆಸರು. ಪುಡಿಯ ಕಣಗಳು ಒಂದಕ್ಕೊಂದು ಅಂಟಿ ಗಂಟಾಗದಂತೆ ಬಿಡಿಬಿಡಿಯಾಗಿ ಹರಡಿ ನಿಲ್ಲಿಸುವುದನ್ನು ಡಿಸ್ಪರ್ಸೆಂಟ್, ಅಂದರೆ ಪ್ರಸರಣಕಾರಕ ಎನ್ನುತ್ತಾರೆ. ಹೆಸರುಗಳು ಹೊಸವು, ಕೆಲಸ ಹೊಸದಲ್ಲ. ಆಗದವರಿಬ್ಬರನ್ನು ಕಂಡರೆ "ಎಣ್ಣೆ ಸೀಗೆಕಾಯಿ ಸಂಬಂಧ" ಎನ್ನುವುದು ನಮ್ಮ ಆಡುಮಾತು. ವಾಸ್ತವದಲ್ಲಿ ಸೀಗೆಕಾಯಿ ಎಣ್ಣೆಯ ಕೈಹಿಡಿದೇ ಅದನ್ನು ನೀರಿನೊಡನೆ ಕರೆದೊಯ್ಯುತ್ತದೆ! ಸೀಗೆ, ಅಂಟುವಾಳಗಳಲ್ಲಿರುವ ಸಪೋನಿನ್ ಎಂಬ ಅಂಶದಲ್ಲಿ ಸಕ್ಕರೆಯ ಭಾಗವು ನೀರನ್ನು ಹಿಡಿಯುತ್ತದೆ, ಉಳಿದ ಭಾಗವು ಜಿಡ್ಡನ್ನು ಹಿಡಿಯುತ್ತದೆ. ಅಣುಗಳು ಬಾಲಗಳನ್ನು ಒಳಗಿಟ್ಟು ತಲೆಗಳನ್ನು ಹೊರಗಿಟ್ಟು ಚೆಂಡಿನಂತೆ ಗುಂಪುಗೂಡುತ್ತವೆ. ಜಿಡ್ಡು ಆ ಚೆಂಡಿನ ಹೊಟ್ಟೆ ಸೇರಿ ನೀರಿನೊಂದಿಗೆ ಹರಿದುಹೋಗುತ್ತದೆ. ಸಾಬೂನು ಮಾಡುವುದೂ ಇದನ್ನೇ, ಶಾಂಪೂ ಮಾಡುವುದೂ ಇದನ್ನೇ.

ತೊಡಕು ಇರುವುದು ಅಣುವಿನ ಗಾತ್ರದಲ್ಲಿ. ನೊರೆ ಬರುವ ಅನೇಕ ಪದಾರ್ಥಗಳಲ್ಲಿ ಬಳಸುವ ಸೋಡಿಯಂ ಲಾರಿಲ್ ಸಲ್ಫೇಟಿನ ಅಣುತೂಕ ಸುಮಾರು ೨೮೮. ಅಣುತೂಕವು ೫೦೦ ಡಾಲ್ಟನ್ನಿಗಿಂತ ಹೆಚ್ಚಾದಂತೆ ವಸ್ತುವು ಚರ್ಮದ ಹೊರಪದರವನ್ನು ದಾಟುವುದು ಕಠಿಣವಾಗುತ್ತದೆಂಬ ಸ್ಥೂಲ ನಿಯಮವನ್ನು ೨೦೦೦ನೆಯ ಇಸವಿಯಲ್ಲಿ ಇಬ್ಬರು ಡಚ್ ವಿಜ್ಞಾನಿಗಳು ಮುಂದಿಟ್ಟರು. ಚಿಕ್ಕ ಅಣು ಹೊರಪದರದ ಸಂದುಗಳಿಗೆ ನುಗ್ಗಿ, ಅಲ್ಲಿನ ಸಹಜ ಸ್ನೇಹಾಂಶವನ್ನು ಕದಡಿ, ಚರ್ಮವನ್ನು ಒಣಗಿಸಿ ಒಡೆಯುವಂತೆ ಮಾಡುತ್ತದೆ. ಚರ್ಮದ ಉರಿಯನ್ನು ಅಧ್ಯಯನ ಮಾಡುವ ಪ್ರಯೋಗಗಳಲ್ಲಿ ಬೇಕೆಂದೇ ಉರಿ ಬರಿಸಲು ಬಳಸುವ ವಸ್ತುವೂ ಈ ಲಾರಿಲ್ ಸಲ್ಫೇಟೇ. ದಿನಕ್ಕೆ ಹತ್ತು ಸಲ ಪಾತ್ರೆ ತೊಳೆಯುವ ತಾಯಂದಿರ ಕೈಬೆರಳುಗಳು ಬಿರಿಯುವುದಕ್ಕೆ ವಾತದ ರೂಕ್ಷಗುಣವನ್ನು ಮಾತ್ರ ದೂರಿದರೆ ಅರ್ಧ ಮಾತು ಹೇಳಿದಂತಾಯಿತು.

ಇಲ್ಲಿಯೇ ಪಾಲಿಮರುಗಳು ಬರುತ್ತವೆ. ಪಾಲಿಮರ್ ಎಂದೊಡನೆ ಪ್ಲಾಸ್ಟಿಕ್ಕು ಎಂದು ಹೆದರಬೇಕಿಲ್ಲ. ಒಂದೇ ಬಗೆಯ ಮಣಿಗಳನ್ನು ಪೋಣಿಸಿದ ಸರದಂತೆ, ಚಿಕ್ಕ ಅಣುಗಳು ಉದ್ದಕ್ಕೆ ಸೇರಿದ ಸರಪಳಿಯೇ ಪಾಲಿಮರ್. ಹತ್ತಿಯೂ ಅದೇ, ಪಿಷ್ಟವೂ ಅದೇ. ಈ ಸರಪಳಿಗೆ ಅಲ್ಲಲ್ಲಿ ಬೇಕಾದ ಗುಣದ ಕೊಂಡಿಗಳನ್ನು, ಅಂದರೆ ಎಣ್ಣೆ ಹಿಡಿಯುವ ಬಾಲವನ್ನೋ ಧನ ವಿದ್ಯುದಂಶವನ್ನೋ, ಜೋಡಿಸಿದರೆ ಅದು ಬೆಸೆಯುವ ಕೆಲಸಕ್ಕೆ ಒದಗುತ್ತದೆ. ಇಂಥ ಸರಪಳಿಗಳಲ್ಲಿ ಅನೇಕವುಗಳ ತೂಕ ಸಾವಿರಗಟ್ಟಲೆಯಿಂದ ಲಕ್ಷಗಟ್ಟಲೆ ಡಾಲ್ಟನ್. ಅವು ಚರ್ಮದೊಳಗೆ ಇಳಿಯಲಾರವು. ಮೇಲೆ ನಿಂತೇ ಕೆಲಸ ಮುಗಿಸಿ ತೊಳೆದು ಹೋಗುತ್ತವೆ.

ನಮ್ಮ ಊಟದ ತಟ್ಟೆಯಿಂದಲೇ ಒಂದು ಉದಾಹರಣೆ. ಚವಳಿಕಾಯಿ ಪಲ್ಲೆ ತಿನ್ನದವರು ನಮ್ಮ ಭಾಗದಲ್ಲಿ ವಿರಳ; ದಕ್ಷಿಣದವರು ಇದನ್ನು ಗೋರಿಕಾಯಿ ಎನ್ನುತ್ತಾರೆ. ಬಲಿತ ಕಾಯಿಯ ಬೀಜದಿಂದ ಗ್ವಾರ್ ಗಮ್ ಎಂಬ ಅಂಟು ಸಿಗುತ್ತದೆ. ಜಗತ್ತಿನಲ್ಲಿ ಇದನ್ನು ಅತಿ ಹೆಚ್ಚು ಬೆಳೆಯುವ ದೇಶ ನಮ್ಮದೇ, ಅದರಲ್ಲೂ ರಾಜಸ್ಥಾನದ ಮರಳುನಾಡು. ಈ ಅಂಟಿನ ಸರಪಳಿಗೆ ಧನ ವಿದ್ಯುದಂಶದ ಕೊಂಡಿಗಳನ್ನು ಜೋಡಿಸಿದರೆ, ಶಾಂಪೂ ಬಾಟಲಿಯ ಹಿಂಬದಿಯಲ್ಲಿ ಕಾಣುವ "ಗ್ವಾರ್ ಹೈಡ್ರಾಕ್ಸಿಪ್ರೊಪೈಲ್‌ಟ್ರೈಮೋನಿಯಂ ಕ್ಲೋರೈಡ್" ಆಗುತ್ತದೆ. ಹೆಸರು ಓದುವಷ್ಟರಲ್ಲಿ ಸ್ನಾನವೇ ಮುಗಿಯಬಹುದು. ಕೂದಲಿನ ಮೈಮೇಲೆ ಋಣ ವಿದ್ಯುದಂಶವಿರುವುದರಿಂದ ಈ ಸರಪಳಿ ಅದಕ್ಕೆ ಅಂಟುತ್ತದೆ. ನೀರು ಸುರಿದು ಶಾಂಪೂ ತೆಳುವಾದಾಗಲೇ ಅದು ಕೂದಲಿನ ಮೇಲೆ ತೆಳ್ಳಗೆ ಕೂರುವುದು ಇದರ ವಿಶೇಷ. ಹೀಗಾಗಿ ತೊಳೆದ ಬಳಿಕವೂ ಕೂದಲು ಸಿಕ್ಕಾಗದೆ ನಯವಾಗಿ ಉಳಿಯುತ್ತದೆ.

ಎರಡನೆಯ ಉದಾಹರಣೆ ಔಡಲ. ಏರಂಡ ತೈಲವನ್ನು ವೈದ್ಯರಾದ ನಾವು ವಾತಹರವೆಂದು ಬಳಸುತ್ತೇವೆ. ಈ ಎಣ್ಣೆಯ ಮುಖ್ಯ ಕೊಬ್ಬಿನಾಮ್ಲವನ್ನು ಸಂಸ್ಕರಿಸಿ, ಒಂದಕ್ಕೊಂದು ಪೋಣಿಸಿದರೆ ಪಾಲಿಹೈಡ್ರಾಕ್ಸಿಸ್ಟಿಯರಿಕ್ ಆಮ್ಲವೆಂಬ ಪ್ರಸರಣಕಾರಕ ದೊರೆಯುತ್ತದೆ. ಇದರ ಸರಪಳಿ ಗ್ವಾರಿನಷ್ಟು ಉದ್ದವಲ್ಲ, ಕೆಲವೇ ಮಣಿಗಳದು. ಬಿಸಿಲು ತಡೆಯುವ ಕ್ರೀಮುಗಳಲ್ಲಿ ಇದರ ಪಾತ್ರ ದೊಡ್ಡದು. ಅಂಥ ಕ್ರೀಮುಗಳಲ್ಲಿ ಜಿಂಕ್ ಆಕ್ಸೈಡ್ ಅಥವಾ ಟೈಟೇನಿಯಂ ಡೈಆಕ್ಸೈಡಿನ ನುಣ್ಣನೆಯ ಪುಡಿ ಇರುತ್ತದೆ. ಕಣಗಳು ಗಂಟಾದರೆ ಕ್ರೀಮು ವಿಭೂತಿ ಬಳಿದಂತೆ ಬೆಳ್ಳಗೆ ಕಾಣುತ್ತದೆ. ಅದಕ್ಕಿಂತ ಮುಖ್ಯವಾಗಿ, ಗಂಟು ಗಂಟುಗಳ ನಡುವೆ ಬಯಲು ಉಳಿದು ಅಲ್ಲಿಂದ ಬಿಸಿಲು ಒಳಗಿಳಿಯುತ್ತದೆ. ಔಡಲದ ಸರಪಳಿಯ ಒಂದು ತುದಿ ಕಣಕ್ಕೆ ಅಂಟಿಕೊಂಡು ಉಳಿದ ಭಾಗ ಎಣ್ಣೆಯಲ್ಲಿ ಚಾಚಿಕೊಳ್ಳುತ್ತದೆ. ಜಾತ್ರೆಯ ಬಿಸಿಲಿನಲ್ಲಿ ಕೊಡೆ ಬಿಚ್ಚಿದವರು ಒಬ್ಬರಿಗೊಬ್ಬರು ತಾಗಿ ನಿಲ್ಲಲಾಗದಂತೆ, ಕಣಗಳು ದೂರ ದೂರವೇ ಉಳಿಯುತ್ತವೆ.

ಬಂಗಿನ ಚಿಕಿತ್ಸೆಯಲ್ಲಿರುವವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಟ್ಯೂಬು ಬೇಗ ತೀರದಿರಲೆಂದು ಕ್ರೀಮಿಗೆ ಕೊಬ್ಬರಿಎಣ್ಣೆ, ನೀರು ಅಥವಾ ಮುಖದ ಪೌಡರ್ ಬೆರೆಸಿ ಹಚ್ಚುವ ರೂಢಿ ಅನೇಕ ಮನೆಗಳಲ್ಲಿದೆ. ಬೆರೆಸಿದೊಡನೆ ಆ ಪ್ರಸರಣದ ಸಮತೋಲ ಕೆಡಬಹುದು, ರಕ್ಷಣೆ ಕುಗ್ಗುತ್ತದೆ, ಬಂಗು ಮತ್ತೆ ಕಪ್ಪಾಗುತ್ತದೆ. ದೂರು ಮಾತ್ರ ನಮ್ಮ ಲೇಪದ ಮೇಲೆ ಬರುತ್ತದೆ. ಡಬ್ಬಿಯ ಮೇಲಿನ ಎಸ್‌ಪಿಎಫ್ ಅಂಕಿಯನ್ನು ಅಳೆಯುವುದು ಚದರ ಸೆಂಟಿಮೀಟರಿಗೆ ೨ ಮಿಲಿಗ್ರಾಂ ದಪ್ಪಕ್ಕೆ ಹಚ್ಚಿ. ಬೆರಳ ತುದಿಯಲ್ಲಿ ಸವರಿದರೆ ಆ ಅಂಕಿಗೆ ಅರ್ಥವಿಲ್ಲ.

ಪಾಲಿಮರಿನ ಸ್ವಭಾವವನ್ನು ಮನೆಯಲ್ಲಿಯೇ ಕಣ್ಣಾರೆ ನೋಡಬಹುದು. ಅಂಗಡಿಯಲ್ಲಿ ಸಿಗುವ ಲೋಳೆಸರದ ಜೆಲ್ಲುಗಳಲ್ಲಿ ಹಲವು ಗಟ್ಟಿಯಾಗಿರುವುದು ಲೋಳೆಸರದಿಂದಲ್ಲ, ಕಾರ್ಬೊಮರ್ ಎಂಬ ಪಾಲಿಮರಿನಿಂದ. ಅಂಥ ಜೆಲ್ಲನ್ನು ಒಂದು ಚಮಚ ತೆಗೆದುಕೊಂಡು ಚಿಟಿಕೆ ಉಪ್ಪು ಹಾಕಿ ಕಲಸಿದರೆ ಕೆಲವೇ ಕ್ಷಣಗಳಲ್ಲಿ ನೀರಾಗುತ್ತದೆ. ಇದೇ ಕಾರ್ಬೊಮರಿನ ಸರಪಳಿಗೆ ಎಣ್ಣೆ ಹಿಡಿಯುವ ಬಾಲಗಳನ್ನು ಜೋಡಿಸಿದ ರೂಪವೂ ಉಂಟು. ಹಳೆಯ ಬಗೆಯ ಕ್ರೀಮಿಗೆ ನೂರಕ್ಕೆ ಮೂರು ನಾಲ್ಕು ಭಾಗ ಬೆಸೆಯುವ ವಸ್ತು ಬೇಕಾದರೆ, ಇದು ಅರ್ಧ ಭಾಗಕ್ಕಿಂತ ಕಡಿಮೆಯಲ್ಲಿಯೇ ಎಣ್ಣೆಹನಿಗಳನ್ನು ಬಲೆಯಲ್ಲಿಟ್ಟಂತೆ ಹಿಡಿಯುತ್ತದೆ. ಹಚ್ಚಿದಾಗ ಚರ್ಮದ ಮೇಲಿನ ಬೆವರಿನ ಉಪ್ಪು ತಾಗಿ ಬಲೆ ಸಡಿಲಗೊಳ್ಳುತ್ತದೆ, ಎಣ್ಣೆ ಬಿಡುಗಡೆಯಾಗಿ ಚರ್ಮಕ್ಕೆ ಹತ್ತುತ್ತದೆ. ಒಳ್ಳೆಯ ಯುಕ್ತಿ ಎಂದೇ ನಾವು ಹೇಳುತ್ತೇವೆ. ಮೆಚ್ಚಬೇಕಾದುದನ್ನು ಅದು ಗ್ರಂಥದಲ್ಲಿಲ್ಲವೆಂಬ ಕಾರಣಕ್ಕೆ ಮೆಚ್ಚದಿರುವುದು ವೈದ್ಯಧರ್ಮವಲ್ಲ.

ನಮ್ಮ ಶಾಸ್ತ್ರದಲ್ಲಿಯೂ ನೀರನ್ನು ಸ್ನೇಹದಲ್ಲಿ ಹಿಡಿದಿಡುವ ವಿದ್ಯೆ ಇತ್ತು. ಚರಕ ಸಂಹಿತೆ ಹೇಳುವ ಶತಧೌತ ಘೃತವೆಂದರೆ ನೂರು ಬಾರಿ ತಣ್ಣೀರಿನಲ್ಲಿ ತೊಳೆದ ತುಪ್ಪ. ತಾಮ್ರದ ಪಾತ್ರೆಯಲ್ಲಿ ಉಜ್ಜಿ ಉಜ್ಜಿ ತೊಳೆದಂತೆ ತುಪ್ಪದ ಬಣ್ಣ ಬಿಳುಪಾಗಿ, ವಾಸನೆ ಇಳಿದು, ಬೆಣ್ಣೆಗಿಂತ ಮೃದುವಾದ ಲೇಪವಾಗುತ್ತದೆ. ನೀರಿನ ಸೂಕ್ಷ್ಮ ಹನಿಗಳು ಅದರಲ್ಲಿ ಉಳಿದುಕೊಂಡಿರುತ್ತವೆ. ಉರಿ, ದಾಹಗಳಿಗೆ ಇದು ಇಂದಿಗೂ ನಮಗೆ ಪ್ರಿಯವಾದ ಲೇಪ. ಆದರೆ ಅದು ಕೈಯ ದುಡಿಮೆಯ ಫಲ, ಸಾವಿರ ಟ್ಯೂಬು ತುಂಬುವ ಕಾರ್ಖಾನೆಗೆ ಸಲ್ಲುವಂಥದಲ್ಲ.

ಇನ್ನು ನಮಗೆ ಸಂಕೋಚ ತರುವ ಸಂಗತಿಯೊಂದನ್ನು ಹೇಳಲೇಬೇಕು. ೨೦೨೦ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಸೌಂದರ್ಯಸಾಧನದ ಘಟಕಗಳನ್ನು ಲೇಬಲ್ಲಿನಲ್ಲಿ ತಿಳಿಸಬೇಕು. ಆಯುರ್ವೇದ ಔಷಧವೆಂದು ಪರವಾನಿಗೆ ಪಡೆದ ಶಾಂಪೂ, ಕ್ರೀಮುಗಳ ಲೇಬಲ್ಲನ್ನು ನೋಡಿ. ಭೃಂಗರಾಜ ಇಷ್ಟು ಮಿಲಿಗ್ರಾಂ, ಆಮಲಕಿ ಇಷ್ಟು ಮಿಲಿಗ್ರಾಂ ಎಂದು ಬರೆದು, ಕೊನೆಯಲ್ಲಿ "ಶಾಂಪೂ ಬೇಸ್ ಕ್ಯೂ.ಎಸ್." ಎಂದಿರುವುದು ಎಷ್ಟೋ ಬಾಟಲಿಗಳಲ್ಲಿ ಕಾಣುತ್ತದೆ. ಕ್ಯೂ.ಎಸ್. ಎಂದರೆ "ಸಾಕಾಗುವಷ್ಟು". ಬಾಟಲಿಯ ಬಹುಭಾಗ ಆ ಬೇಸ್. ಕೊಳೆ ತೆಗೆಯುವುದೂ ಅದೇ, ಚರ್ಮ ಉರಿದರೆ ಉರಿಸುವುದೂ ಬಹುಮಟ್ಟಿಗೆ ಅದೇ. ಅದರ ಹೆಸರೇ ಇಲ್ಲದ ಮೇಲೆ ಹಸಿರು ಎಲೆಯ ಚಿತ್ರ ಯಾವ ಭರವಸೆ ಕೊಟ್ಟೀತು? ಇಸುಬು ಇರುವವರು, ಎಳೆಮಕ್ಕಳ ತಾಯಂದಿರು ಬೇಸಿನ ಹೆಸರು ಬರೆದಿರುವ ಬಾಟಲಿಯನ್ನೇ ಕೊಳ್ಳಲಿ ಎಂಬುದು ನಮ್ಮ ಅಭಿಪ್ರಾಯ, ಅದರ ಮೇಲೆ ಆಯುರ್ವೇದವೆಂದು ಬರೆದಿರಲಿ, ಬಿಡಲಿ.

ಪಾಲಿಮರುಗಳೆಲ್ಲ ನಿರುಪದ್ರವಿಗಳೆಂದೂ ಅಲ್ಲ. ಆಕ್ರಿಲೇಟ್ ಜಾತಿಯವು ಚರಂಡಿ ಸೇರಿದ ಮೇಲೆ ಸುಲಭವಾಗಿ ಕೊಳೆಯುವುದಿಲ್ಲ. ಯುರೋಪ್ ಒಕ್ಕೂಟವು ೨೦೨೩ರಲ್ಲಿ ಘನಕಣ ರೂಪದ ಕೃತಕ ಪಾಲಿಮರುಗಳಿಗೆ ನಿರ್ಬಂಧ ಹಾಕಿತು. ನೀರಿನಲ್ಲಿ ಕರಗುವಂಥವನ್ನು ಅದರಿಂದ ಹೊರಗಿಟ್ಟಿತು.

ಮನೆಯಲ್ಲಿ ಜೇನುಮೇಣ, ಎಣ್ಣೆ, ಗುಲಾಬಿ ನೀರು ಕೂಡಿಸಿ ಕ್ರೀಮು ಮಾಡುವವರಿಗೆ ಒಂದು ಎಚ್ಚರಿಕೆ. ನೀರಿದ್ದಲ್ಲಿ ಸೂಕ್ಷ್ಮಜೀವಿ ಬೆಳೆಯುತ್ತದೆ. ಆದ್ದರಿಂದ ಸ್ವಲ್ಪವೇ ಮಾಡಿ, ಫ್ರಿಜ್ಜಿನಲ್ಲಿಟ್ಟು, ಕೆಲವೇ ದಿನಗಳಲ್ಲಿ ಮುಗಿಸಬೇಕು. ಮನೆಯದಿರಲಿ ಅಂಗಡಿಯದಿರಲಿ, ಎಣ್ಣೆ ಮೇಲೆ ತೇಲಿ ನೀರು ಕೆಳಗೆ ನಿಂತಿದ್ದರೆ ಬೆಸುಗೆ ಕಳಚಿದೆ ಎಂದರ್ಥ. ಅದನ್ನು ಕಡ್ಡಿಯಿಂದ ಕಲಸಿ ಮತ್ತೆ ಮುಖಕ್ಕೆ ಹಚ್ಚದೆ ಚೆಲ್ಲಿಬಿಡಿ.