ಈ ತಿಂಗಳ ಪಾಠ: ಸಂಘದ ಅಕ್ಕನ ಹತ್ತಿರ ಉದ್ರಿ, ಪೇಟೆ ಅಂಗಡಿಯಲ್ಲಿ ನಗದು



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲೂಕುಗಳ ಸಂಘಗಳಿಗೆ ನಾವು ಬಂದಾಗ ಮೊದಲು ನೋಡುವುದು ಉಳಿತಾಯದ ಪುಸ್ತಕ ಮತ್ತು ಸಾಲದ ಪುಸ್ತಕ. ಉಳಿತಾಯ ಚೆನ್ನಾಗಿದೆ. ಸಾಲದ ಕಂತೂ ಬಹಳ ಕಡೆ ಸರಿಯಾಗಿ ಬರುತ್ತಿದೆ. ಸಾಲ ತೆಗೆದು ಏನು ಮಾಡಿದಿರಿ ಎಂದು ಕೇಳಿದರೆ ಒಬ್ಬರು ರೊಟ್ಟಿ, ಒಬ್ಬರು ಶಾವಿಗೆ, ಇನ್ನೊಬ್ಬರು ಹೊಲಿಗೆ ಮಿಷನ್, ಮತ್ತೊಬ್ಬರು ಚಟ್ನಿಪುಡಿ, ಹಪ್ಪಳ, ಫಿನಾಯಿಲ್ ಎನ್ನುತ್ತಾರೆ. ಆಮೇಲೆ ಎಲ್ಲ ಕಡೆ ಬರುವ ಮಾತು ಒಂದೇ. "ಮಾಡೋದೇನೋ ಮಾಡ್ತೀವಿ ಸಿಸ್ಟರ್, ತಗೊಳ್ಳೋರು ಯಾರು?"

ಆಗ ನಾವು ತಿರುಗಿ ಒಂದು ಪ್ರಶ್ನೆ ಕೇಳುತ್ತೇವೆ. ಇಲ್ಲಿ ಕೂತಿರುವವರಲ್ಲಿ ಎಷ್ಟು ಜನ ಕಳೆದ ತಿಂಗಳು ಈ ಅಕ್ಕನ ಹತ್ತಿರ ಚಟ್ನಿಪುಡಿ ತಗೊಂಡಿರಿ? ಎರಡು ಕೈ ಏಳುತ್ತವೆ, ಹೆಚ್ಚೆಂದರೆ ಮೂರು. ದುಡ್ಡು ಕೊಟ್ಟಿರಾ ಎಂದು ಕೇಳಿದರೆ ಎಲ್ಲರೂ ನಗುತ್ತಾರೆ. "ನಮ್ಮೋರೇ ಅಲ್ವಾ ಸಿಸ್ಟರ್, ಆಮೇಲೆ ಕೊಟ್ಟರಾತು." ಅದೇ ವಾರ ಪೇಟೆಗೆ ಹೋದಾಗ ಮಾತ್ರ ಸೋಪು, ಮಸಾಲೆ ಪೊಟ್ಟಣ, ಕುರುಕುಲು ತಿಂಡಿ ಎಲ್ಲಕ್ಕೂ ಸ್ಥಳದಲ್ಲೇ ನಗದು ಎಣಿಸಿ ಕೊಟ್ಟು ಬಂದಿರುತ್ತೇವೆ. ಪೊಟ್ಟಣದ ಮೇಲೆ ಬರೆದ ಬೆಲೆಗೆ ಚೌಕಾಸಿ ಇಲ್ಲ. ಸಂತೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಮುದುಕಿಯ ಹತ್ತಿರ ಎರಡು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ. ಈ ತಿಂಗಳ ಪಾಠ ಇದರ ಬಗ್ಗೆಯೇ.

ಒಂದು ಲೆಕ್ಕ ಹಾಕೋಣ. ಒಂದು ಸಂಘದಲ್ಲಿ 20 ಜನ ಇದ್ದಾರೆ ಎಂದಿಟ್ಟುಕೊಳ್ಳಿ. ಊರಲ್ಲೇ ಸಿಗುವ ವಸ್ತುಗಳಿಗೆ ಒಂದು ಮನೆಯವರು ತಿಂಗಳಿಗೆ ಬರೀ 150 ರೂಪಾಯಿ ಹೊರಗೆ ಕೊಡುತ್ತಾರೆ ಎನ್ನಿ. ತಿಂಗಳಿಗೆ 3,000 ಆಯಿತು, ವರ್ಷಕ್ಕೆ 36,000. ಊರಲ್ಲಿ ಹತ್ತು ಸಂಘ ಇದ್ದರೆ 3,60,000 ರೂಪಾಯಿ. ಬ್ಯಾಂಕಿನಿಂದ ಇಷ್ಟು ಸಾಲ ತರಲು ನಾವು ಎಷ್ಟು ಸಲ ಓಡಾಡುತ್ತೇವೆ, ಎಷ್ಟು ಕಾಗದಕ್ಕೆ ಸಹಿ ಹಾಕುತ್ತೇವೆ! ಪೇಟೆಗೆ ಹೋದ ಈ ಹಣ ಊರಿಗೆ ತಿರುಗಿ ಬರುವುದು ಕಷ್ಟ. ರೊಟ್ಟಿ ಮಾಡುವ ಅಕ್ಕನ ಕೈಗೆ ಹೋದದ್ದು ಹಾಗಲ್ಲ. ಆಕೆ ಅದರಲ್ಲಿ ಊರಿನ ರೈತರ ಹತ್ತಿರ ಜೋಳ ಕೊಳ್ಳುತ್ತಾಳೆ, ಗಿರಣಿಯವರಿಗೆ ಕೊಡುತ್ತಾಳೆ, ಮಗಳ ಲಂಗ ಹೊಲಿದವರಿಗೆ ಕೊಡುತ್ತಾಳೆ. ಹೊಲಿದವರು ನಮ್ಮ ಸಂಘದವರೇ ಆಗಿರಬಹುದು. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಹಣ ಶುರುವಾದ ಮೇಲೆ ಮನೆಖರ್ಚಿನ ತೀರ್ಮಾನ ಎಷ್ಟೋ ಮನೆಗಳಲ್ಲಿ ಹೆಂಗಸರ ಕೈಗೆ ಬಂದಿದೆ. ಆದ್ದರಿಂದ ಇದು ಗಂಡಸರಿಗೆ ಹೇಳುವ ಪಾಠ ಅಲ್ಲ, ನಮಗೇ.

ಇನ್ನೊಂದು ವಿಷಯವಿದೆ, ಇದನ್ನು ಸಭೆಯಲ್ಲಿ ಎರಡು ಸಲ ಓದಿಸಿ. ಸಂಘದ ಸಾಲಕ್ಕೆ ಜಾಮೀನು ಯಾರು? ನಾವೆಲ್ಲ. ಆ ಅಕ್ಕ ಮಾಡಿದ ಶಾವಿಗೆ ಡಬ್ಬಿಯಲ್ಲೇ ಉಳಿದರೆ ಅವಳ ಕಂತು ನಿಲ್ಲುತ್ತದೆ. ಅವಳ ಕಂತು ನಿಂತರೆ ನಮ್ಮ ಉಳಿತಾಯದಿಂದ ತುಂಬಬೇಕಾಗುತ್ತದೆ, ಮುಂದಿನ ಸಾಲಕ್ಕೆ ಬ್ಯಾಂಕಿನವರು ಮುಖ ತಿರುಗಿಸುತ್ತಾರೆ. ಅವಳಿಗೆ ಉದ್ರಿ ಹೇಳಿ ಮೂರು ತಿಂಗಳು ಸತಾಯಿಸಿದವರು ನಾವೇ ಆಗಿದ್ದು, ಸಭೆಯಲ್ಲಿ "ಯಾಕೆ ಕಂತು ಕಟ್ಟಿಲ್ಲ" ಎಂದು ಜೋರು ಮಾಡುವುದೂ ನಾವೇ ಆದರೆ ಅದು ನ್ಯಾಯವಲ್ಲ.

ಕೊಳ್ಳುವವರು ನಿಂತರೆ ಏನಾಗುತ್ತದೆ, ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಗಳಿವೆ. ಹಾಲನ್ನೇ ನೋಡಿ. 1974ರಲ್ಲಿ ಕರ್ನಾಟಕ ಡೈರಿ ಅಭಿವೃದ್ಧಿ ನಿಗಮ ಎಂದು ಶುರುವಾದದ್ದು 1984ರಲ್ಲಿ ಹಾಲು ಮಹಾಮಂಡಳ ಆಯಿತು. ಇವತ್ತು ನಮ್ಮ ಊರುಗಳಲ್ಲಿ ಬೆಳಿಗ್ಗೆ ಸಂಜೆ ಕ್ಯಾನ್ ಹಿಡಿದು ಡೈರಿ ಮುಂದೆ ನಿಲ್ಲುವ ಹೆಂಗಸರಿಗೆ ಬಟವಾಡೆ ಬರುವುದು, ಪೇಟೆಯಲ್ಲಿ ಯಾರೋ ದಿನಾ ನಂದಿನಿ ಪ್ಯಾಕೆಟ್ ಕೊಳ್ಳುವುದರಿಂದ. 2023ರಲ್ಲಿ ಅಮುಲ್ ಹಾಲು ಬೆಂಗಳೂರಿಗೆ ಬರುತ್ತದೆ ಎಂದಾಗ ರಾಜ್ಯದಲ್ಲಿ ದೊಡ್ಡ ಗಲಾಟೆಯೇ ಆಯಿತು. ಅಮುಲ್ ಕೂಡ ಗುಜರಾತಿನ ರೈತರ ಸಹಕಾರಿಯೇ, ಅದನ್ನು ವೈರಿ ಎನ್ನಬೇಕಾಗಿಲ್ಲ. ಆದರೆ ಜನ ನಂದಿನಿಯನ್ನು ನಮ್ಮದು ಎಂದರಲ್ಲ, ಆ ಮಾತು ಚಟ್ನಿಪುಡಿಗೆ ಯಾಕೆ ಬರುವುದಿಲ್ಲ?

ಎರಡನೆಯದು ದುಃಖದ್ದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ. ನಿಯಮದ ಪ್ರಕಾರ ಖಾದಿ ರಾಷ್ಟ್ರಧ್ವಜ ತಯಾರಿಸಿ ದೇಶಕ್ಕೆಲ್ಲ ಕಳಿಸುವ ಜಾಗ ಅದು. ಬಟ್ಟೆ ಕತ್ತರಿಸುವುದು, ಹೊಲಿಯುವುದು, ಅಶೋಕ ಚಕ್ರ ಎರಡೂ ಕಡೆ ಸರಿಯಾಗಿ ಕೂರಿಸುವುದು, ಹೆಚ್ಚು ಪಾಲು ಹೆಂಗಸರ ಕೆಲಸ. ಹಿಂದೆ ಧ್ವಜ ಎಂದರೆ ಕೈಯಲ್ಲಿ ನೂತು ಕೈಮಗ್ಗದಲ್ಲಿ ನೇಯ್ದ ಬಟ್ಟೆಯೇ ಆಗಬೇಕಿತ್ತು. 2021ರ ಡಿಸೆಂಬರ್ ಕೊನೆಯಲ್ಲಿ ಧ್ವಜಸಂಹಿತೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಬಟ್ಟೆಗೂ ಯಂತ್ರದ ಬಟ್ಟೆಗೂ ಒಪ್ಪಿಗೆ ಸಿಕ್ಕಿತು. 2022ರ ಆಗಸ್ಟ್‌ನಲ್ಲಿ ಮನೆಮನೆಗೆ ತಿರಂಗಾ ಹಾರಿತು. ಅಷ್ಟು ಧ್ವಜ ಹಾರಿದ ವರ್ಷವೇ ಬೆಂಗೇರಿಯ ಬೇಡಿಕೆ ಬಿದ್ದುಹೋಯಿತು. ನಾವೂ ಅಗ್ಗದ ಧ್ವಜವನ್ನೇ ತಂದು ಕಟ್ಟಿದ್ದಲ್ಲವೇ? ಅಗ್ಗದ್ದು ತಂದವರು ಕೆಟ್ಟವರು ಎಂದು ನಾವು ಹೇಳುತ್ತಿಲ್ಲ. ಬಡವರ ಮನೆಯಲ್ಲಿ ಬೆಲೆ ನೋಡಲೇಬೇಕು. ಆದರೆ ಶಾಲೆ, ಪಂಚಾಯಿತಿ, ಚರ್ಚಿನ ಅಂಗಳ, ಸಂಘದ ಒಕ್ಕೂಟ ಇಂಥ ಕಡೆಗಾದರೂ ಒಂದು ಖಾದಿ ಧ್ವಜ ತರಿಸಬಹುದು. ಜೋಪಾನ ಮಾಡಿದರೆ ಅದು ವರ್ಷಗಟ್ಟಲೆ ಬರುತ್ತದೆ.

ಮೂರನೆಯದು ಚನ್ನಗಿರಿಯವರಿಗೆ ಹತ್ತಿರದ್ದು. ಸಾಗರ ತಾಲೂಕಿನ ಹೆಗ್ಗೋಡು ಪಕ್ಕದ ಭೀಮನಕೋಣೆಯಲ್ಲಿ 1990ರ ದಶಕದಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ 'ಚರಕ' ಎಂಬ ಮಹಿಳಾ ಸಹಕಾರ ಸಂಘ ಶುರುವಾಯಿತು. ಹಳ್ಳಿಯ ಹೆಣ್ಣುಮಕ್ಕಳೇ ಅಲ್ಲಿ ಕೈಮಗ್ಗದ ಬಟ್ಟೆ ನೇಯ್ದರು, ಹೊಲಿದರು. ಬಣ್ಣ ಯಾವುದರಿಂದ? ಒಂದು ಬಣ್ಣ ಅಡಿಕೆ ಬೇಯಿಸಿದ ಚೊಗರಿನಿಂದ! ಅಡಿಕೆ ಸುಗ್ಗಿಯಲ್ಲಿ ಕೈಗೆ ಹತ್ತಿ ವಾರಗಟ್ಟಲೆ ಹೋಗದ ಬಣ್ಣ ನಿಮಗೆ ಗೊತ್ತಿರುವುದೇ. ಮಾರಾಟಕ್ಕೆ 'ದೇಸಿ' ಅಂಗಡಿಗಳನ್ನು ಮಾಡಿದರು. 2020ರಲ್ಲಿ ಕೊರೋನಾ ಬಂದಾಗ ಮಾರಾಟ ನಿಂತು ಚರಕವೂ ದೊಡ್ಡ ಸಂಕಷ್ಟಕ್ಕೆ ಬಿತ್ತು. ಅಷ್ಟು ಹೆಸರು ಮಾಡಿದ ಸಂಸ್ಥೆಗೇ ಹಾಗಾದರೆ, ದೂರದ ಪೇಟೆಯನ್ನೇ ನೆಚ್ಚಿಕೊಂಡ ಸಣ್ಣ ಸಂಘದ ಗತಿ ಏನು? ಹತ್ತಿರದ ಗಿರಾಕಿಯೂ ಬೇಕು.

ಇನ್ನು ಮಾಡುವವರಿಗೆ ಎರಡು ಮಾತು, ಸ್ವಲ್ಪ ಖಾರವಾಗಿಯೇ. ಅಯ್ಯೋ ಪಾಪ ಎಂದು ಒಂದು ಸಲ ಕೊಳ್ಳುತ್ತಾರೆ, ಎರಡನೇ ಸಲ ಕೊಳ್ಳುವುದು ವಸ್ತು ಚೆನ್ನಾಗಿದ್ದರೆ ಮಾತ್ರ. ಹಪ್ಪಳದಲ್ಲಿ ಒಂದು ಸಲ ಉಪ್ಪು ಜಾಸ್ತಿ, ಒಂದು ಸಲ ಸೋಡಾ ಜಾಸ್ತಿ ಆದರೆ ಗಿರಾಕಿ ನಿಲ್ಲುವುದಿಲ್ಲ. ಅರ್ಧ ಕೆಜಿ ಎಂದರೆ ತಕ್ಕಡಿಯಲ್ಲಿ ಅರ್ಧ ಕೆಜಿಯೇ ಇರಬೇಕು. ಪೊಟ್ಟಣದ ಮೇಲೆ ತಯಾರಿಸಿದವರ ಹೆಸರು, ಊರು, ತೂಕ, ಬೆಲೆ, ತಯಾರಾದ ತಿಂಗಳು ಹಾಕಿ. ತಿನ್ನುವ ವಸ್ತುವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಬೇಕು. ಸಣ್ಣ ತಯಾರಕರಿಗೆ ದೊಡ್ಡ ಕಾರ್ಖಾನೆಯ ಲೈಸೆನ್ಸ್ ಬೇಕಾಗಿಲ್ಲ, ಸರಳ ನೋಂದಣಿ ಸಾಕು. ಸಂಖ್ಯೆ ಸಿಕ್ಕ ಮೇಲೆ ಅಂಗಡಿಯವರೂ ಧೈರ್ಯವಾಗಿ ಇಟ್ಟುಕೊಳ್ಳುತ್ತಾರೆ. ಬೆಲೆ ಹೇಳಲು ನಾಚಿಕೆ ಬೇಡ. ಕಾಯಕಕ್ಕೆ ಮರ್ಯಾದೆ ಕೊಟ್ಟ ಶರಣರ ನಾಡು ನಮ್ಮದು. ಬೈಬಲಿನಲ್ಲಿ ಬರುವ ಲಿಡಿಯಾ ಕೂಡ ಬೆಲೆಬಾಳುವ ಕೆನ್ನೀಲಿ ಬಟ್ಟೆ ಮಾರುತ್ತಿದ್ದ ಹೆಣ್ಣುಮಗಳೇ.

ಎಲ್ಲವನ್ನೂ ಊರಲ್ಲೇ ಕೊಳ್ಳಿ ಎಂದು ಹೇಳಿದರೆ ಅದು ಆಗದ ಮಾತು. ಔಷಧಿ, ಬಲ್ಬು, ಮೊಬೈಲು ಹೊರಗಿನಿಂದಲೇ ಬರಬೇಕು. ನಮ್ಮ ಸುತ್ತ ಏನಿದೆ ಎಂದು ಮೊದಲು ನೋಡಿ. ಜಗಳೂರು ಕಡೆ ಜೋಳ, ರಾಗಿ, ಶೇಂಗಾ ಇದೆ, ಕುರಿ ಉಣ್ಣೆಯ ಕಂಬಳಿ ಇದೆ. ಮಳೆ ಕೈಕೊಟ್ಟ ವರ್ಷ ಅಲ್ಲಿನವರಿಗೆ ಒಂದು ಕಂಬಳಿ ಮಾರಾಟವಾದರೂ ಎಷ್ಟೋ ಆಸರೆ. ಚನ್ನಗಿರಿ, ಹೊನ್ನಾಳಿ ತೋಟಗಳಲ್ಲಿ ಅಡಿಕೆ ಹಾಳೆ ಬಿದ್ದಿರುತ್ತದೆ. ಮೇದಾರರ ಮೊರ, ಕುಂಬಾರರ ಮಡಕೆ ಇನ್ನೂ ಸಿಗುತ್ತವೆ. ನ್ಯಾಮತಿ ತಾಲೂಕಿನ ಸೂರಗೊಂಡನಕೊಪ್ಪಕ್ಕೆ ಪ್ರತಿ ಫೆಬ್ರವರಿಯಲ್ಲಿ ಸಂತ ಸೇವಾಲಾಲರ ಜಯಂತಿಗೆ ಸಾವಿರಾರು ಜನ ಬರುತ್ತಾರೆ. ಸಂಡೂರಿನ ಲಂಬಾಣಿ ಕಸೂತಿಗೆ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿದೆ, 2023ರಲ್ಲಿ ಹಂಪಿಯ ಜಿ-20 ಸಭೆಯಲ್ಲಿ ಗಿನ್ನೆಸ್ ದಾಖಲೆಯನ್ನೂ ಮಾಡಿತು. ನಮ್ಮ ತಾಂಡಾಗಳ ಅಜ್ಜಿಯರ ಕೈಯಲ್ಲಿಯೂ ಆ ಸೂಜಿಯ ಕೆಲಸ ಇದೆ. ಕಲಿಯಲು ಮೊಮ್ಮಕ್ಕಳು ಕೂರಬೇಕು, ಅಷ್ಟೇ.

ಮುಂದಿನ ಸಭೆಯಲ್ಲಿ ಮಾಡಬೇಕಾದ ಕೆಲಸ ಹೀಗೆ. ಪ್ರತಿಯೊಬ್ಬರೂ ಒಂದು ತಿಂಗಳು ಮನೆಗೆ ಕೊಂಡ ವಸ್ತುಗಳ ಚೀಟಿ ಬರೆದು ತನ್ನಿ, ಬರೆಯಲು ಬಾರದವರಿಗೆ ಮಕ್ಕಳು ಬರೆದುಕೊಡಲಿ. ಅದರಲ್ಲಿ ಸಂಘದವರು ಅಥವಾ ಊರಿನವರು ಮಾಡುವ ವಸ್ತು ಯಾವುದು ಎಂದು ಗುರುತು ಹಾಕಿ. ಅವುಗಳಲ್ಲಿ ಒಂದನ್ನು, ಒಂದನ್ನೇ, ಮೂರು ತಿಂಗಳು ಎಲ್ಲರೂ ಸಂಘದವರ ಹತ್ತಿರ ನಗದು ಕೊಟ್ಟು ಕೊಳ್ಳುವುದೆಂದು ನಡಾವಳಿ ಪುಸ್ತಕದಲ್ಲಿ ಠರಾವು ಬರೆಯಿರಿ. ಹಳೆಯ ಉದ್ರಿ ಬಾಕಿ ಇದ್ದರೆ ಅವತ್ತೇ ತೀರಿಸಿ. ಬಾಕಿ ಇಟ್ಟವರ ಹೆಸರು ಸಭೆಯಲ್ಲಿ ಓದುವುದು ಬೇಡ, ಮೊತ್ತ ಮಾತ್ರ ಓದಿ. ಮೂರು ತಿಂಗಳ ಲೆಕ್ಕದ ಹಾಳೆಯನ್ನು ಪ್ರತಿನಿಧಿಗಳು ಒಕ್ಕೂಟದ ಸಭೆಗೆ ತರಬೇಕು.